ಯಾವಗಲ್ ಹಾದಿಯ ಹಳದಿ ಪಿನ್ನು

ರೋಣದ ನಮ್ಮ ಕರೆಂಟ್ ಆಫೀಸಿನ ಹಿಂದೆ ಒಂದು ಖೋಲಿ ಇತ್ತು. ಸುಟ್ಟ ಮೀಟರು, ಒಡೆದ ಇನ್ಸುಲೇಟರು, ಕಾಲು ಮುರಿದ ಖುರ್ಚಿ ಎಲ್ಲವೂ ಅದರಲ್ಲೇ ಬಿದ್ದಿರುತ್ತಿದ್ದವು. ಹೊಸದಾಗಿ ಬಂದ ಸಾಹೇಬರು ಅದರ ಬೀಗ ತೆಗೆಸಿ, ಕಸ ಹೊರಗೆ ಹಾಕಿಸಿ, ಸುಣ್ಣ ಹೊಡೆಸಿದರು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯ ಹನ್ನೊಂದು ಕೆ.ವಿ. ಲೈನುಗಳ ದೊಡ್ಡದೊಂದು ನಕಾಶೆಯನ್ನು ಗೋಡೆಗೆ ಬಡಿಸಿದರು. ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು ಬರೆಸಿದ್ದರು. ಅದನ್ನು ಓದುವ ತ್ರಾಸು ತೆಗೆದುಕೊಳ್ಳದೆ ನಮ್ಮ ಮಂದಿ ಅದಕ್ಕೆ ನಕಾಶಿ ಖೋಲಿ ಅಂದರು. ಆ ಹೆಸರೇ ಉಳಿಯಿತು.

ವಿದ್ಯುತ್ ಬೋರ್ಡು ಹೋಗಿ ಕಂಪನಿ ಆಗಿ ಕೆಲವು ವರ್ಷ ಆಗಿದ್ದ ಕಾಲ ಅದು. ಊರಿಗೆ ಬೇರೆ ಲೈನು, ಪಂಪ್‌ಸೆಟ್ಟುಗಳಿಗೆ ಬೇರೆ ಲೈನು ಎಳೆಯಬೇಕು, ಹಳೆಯ ಕಂಬ ತಂತಿ ಬದಲಿಸಬೇಕು ಎಂದು ದೊಡ್ಡ ಕೆಲಸ ಮಂಜೂರಾಗಿತ್ತು. ಸಾಮಾನೂ ಬಂದಿತ್ತು. ಆದರೆ ಕಂಬಗಳು ನರಗುಂದದಲ್ಲಿ ಇಳಿದಿದ್ದವು, ತಂತಿಯ ಉರುಳೆಗಳು ಗಜೇಂದ್ರಗಡದಲ್ಲಿ, ಕಂಬದ ತಲೆಗೆ ಕೂರಿಸುವ ಕಬ್ಬಿಣದ ಪಟ್ಟಿಗಳು ರೋಣದಲ್ಲಿ. ಗುತ್ತಿಗೆದಾರನ ಮಂದಿ ಒಂದು ಊರಿನಲ್ಲಿ ತಗ್ಗು ತೋಡಿ ಕಂಬಕ್ಕಾಗಿ ಕಾಯುತ್ತ ಕೂಡುವರು. ಇನ್ನೊಂದು ಊರಿನಲ್ಲಿ ಕಂಬ ನಿಲ್ಲಿಸಿ ತಂತಿಗಾಗಿ ಕೂಡುವರು. ಒಬ್ಬ ಸೆಕ್ಷನ್ ಆಫೀಸರ್ ಇಲ್ಲಿ ಬಾ ಅಂದರೆ ಮತ್ತೊಬ್ಬರು ಅಲ್ಲಿ ಹೋಗು ಅನ್ನುವರು. ತೋಡಿ ಬಿಟ್ಟ ತಗ್ಗಿನಲ್ಲಿ ಯಾರದೋ ಆಕಳು ಬಿದ್ದು ಕಾಲು ಮುರಿದುಕೊಂಡಿತು.

ಇದನ್ನೆಲ್ಲ ಒಂದೇ ಕಡೆಯಿಂದ ನಡೆಸಬೇಕು ಅಂತ ಸಾಹೇಬರು ಆ ಖೋಲಿ ಮಾಡಿದ್ದು. ಅವರು ಮೈಸೂರು ಕಡೆಯವರು. ಲೈನ್‌ಮನ್ ಆಗಿದ್ದ ನನ್ನನ್ನು ಕರೆಸಿ, "ಮೂರೂ ಕಡೆ ಲೈನ್ ನಡೆದು ನೋಡಿರೋನು ನೀನೊಬ್ಬನೇ ಅಂತಾರೆ. ಇಲ್ಲಿ ಬಂದು ಕೂತ್ಕೋ," ಅಂದರು.

"ಸಾಹೇಬ್ರ, ನಾ ಏಳನೇ ಇಯತ್ತೆ ಕಲ್ತಾಂವ. ಖುರ್ಚಿ ಕೆಲಸ ನನಗ ಬರೂದಿಲ್ರಿ," ಅಂದೆ.

"ಖುರ್ಚಿ ಮೇಲೆ ಕೂರೋಕಲ್ಲ. ಗಾಡಿ ಮೇಲೆ ಕೂರೋಕೆ," ಅಂದು ಬೈಕಿನ ಕೀಲಿ ಕೊಟ್ಟರು.

ಕೆಲಸ ಹೀಗಿತ್ತು. ನಾನು ಲೈನಿನ ಗುಂಟ ಹೋಗಿ ಒಂದೊಂದು ಕಂಬ ನೋಡಬೇಕು. ನಮ್ಮದು ಎರಿ ಭೂಮಿ, ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಕಂಬವನ್ನು ನೆಟ್ಟಗೆ ನಿಲ್ಲಗೊಡುವುದಿಲ್ಲ. ಕಂಬದಿಂದ ನೆಲಕ್ಕೆ ಎಳೆದು ಕಟ್ಟಿದ ಬಿಗಿತಂತಿ ಸಡಿಲಾದರೆ ಎರಡು ಕಂಬ ಒಂದರ ಕಡೆ ಒಂದು ವಾಲುತ್ತವೆ, ನಡುವಿನ ತಂತಿ ಜೋತು ಬೀಳುತ್ತದೆ. ಅಂಥ ಜಾಗ ಕಂಡರೆ ಬಂದು ನಕಾಶೆಯಲ್ಲಿ ಕೆಂಪು ಪಿನ್ನು ಚುಚ್ಚಬೇಕು. ಕೆಂಪು ಅಂದರೆ ಮಂದಿಗೆ ಅಪಾಯ, ಉಳಿದ ಕೆಲಸ ಬಿಟ್ಟು ಮೊದಲು ಅಲ್ಲಿಗೆ ಹೋಗಬೇಕು. ಹಳದಿ ಅಂದರೆ ಹಳೆಯದಾಗಿದೆ, ಸರದಿ ಬಂದಾಗ ಮಾಡಬಹುದು. ಕೆಲಸ ಮುಗಿದರೆ ಹಸಿರು.

ಮೊದಲಿಗೆ ಇದೂ ನಡೆಯಲಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಎಲ್ಲರೂ ಇಷ್ಟು ಕಂಬ ನಿಲ್ಲಿಸಿದೆವು, ಅಷ್ಟು ನಿಲ್ಲಿಸಿದೆವು ಅಂತ ಹೇಳಿ ಎದ್ದು ಹೋಗುವರು. ಕಂಬ ನಿಂತಿರುತ್ತಿದ್ದವು, ತಂತಿ ಇರುತ್ತಿರಲಿಲ್ಲ. ಆ ಮಳೆಗಾಲದಲ್ಲಿ ಮಲಪ್ರಭೆ ತುಂಬಿ ಕೊಣ್ಣೂರಿನ ಸೇತುವೆಯ ಮೇಲೆ ನೀರು ಹರಿಯಿತು. ದಂಡೆಯ ಮೇಲೆ ಇಳಿಸಿದ್ದ ಸಾಮಾನು ಕೆಸರಿನಲ್ಲಿ ಹೂತು ಹೋಯಿತು, ಆಚೆ ಹೋಗಿದ್ದ ಗ್ಯಾಂಗು ಆಚೆಯೇ ಉಳಿಯಿತು. ಅವತ್ತು ಸಾಹೇಬರು ಕೊಣ್ಣೂರಿನ ರಸ್ತೆಯಲ್ಲಿ ನಿಂತು ಬಹಳ ಹೊತ್ತು ನೀರು ನೋಡಿದರು. ಮುಂದಿನ ಸೋಮವಾರ, "ಇನ್ಮೇಲೆ ಯಾರೂ ನನಗೆ ಕಂಬದ ಲೆಕ್ಕ ಹೇಳಬೇಡಿ. ಕರೆಂಟ್ ಹರಿದ ಮೇಲೆ ಹಸಿರು ಪಿನ್ನು. ಅಲ್ಲೀತನಕ ಕೆಲಸ ಆಗಿಲ್ಲ ಅಂತಲೇ ಅರ್ಥ," ಅಂದರು. ಗುತ್ತಿಗೆದಾರನ ಜೊತೆ ಇನ್ನು ಖೋಲಿಯವರು ಮಾತ್ರ ಮಾತಾಡಬೇಕು ಎಂದೂ ಆಯಿತು.

ಅಲ್ಲಿಂದ ಕೆಲಸ ಹಿಡಿತಕ್ಕೆ ಬಂತು. ಗಜೇಂದ್ರಗಡದ ನೇಕಾರರ ಓಣಿಯವರು ಕರೆಂಟು ತೆಗೆಯುತ್ತೀರಿ ಅಂತ ಜಗಳಕ್ಕೆ ಬಂದರು. ಅವರಲ್ಲಿ ಒಬ್ಬ ಹಿರಿಯರು, "ತಗೀಬ್ಯಾಡ್ರಿ ಅನ್ನಂಗಿಲ್ಲ. ಹೇಳಿ ತಗೀರಿ. ಸಂಜಿಮುಂದ ಮಗ್ಗದಾಗ ಕುಂತಾಗ ಕತ್ತಲಿ ಆದ್ರ ಎಳಿ ಹುಡುಕಾಕ ನೀವು ಬರ್ತೀರೇನು?" ಅಂದರು. ಅವರ ಮಾತು ಖರೇ ಇತ್ತು. ಅವತ್ತಿನಿಂದ ಕರೆಂಟು ತೆಗೆಯುವ ಮೊದಲು ಮಂದಿಗೆ ಹೇಳುವುದು ಖೋಲಿಯ ಪದ್ಧತಿ ಆಯಿತು. ನಾನೇ ಓಣಿ ಓಣಿಗೆ ಹೋಗಿ ಹೇಳಿ ಬರುತ್ತಿದ್ದೆ. ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳುತ್ತಿದ್ದೆ. ತಲೆಯ ಮೇಲೆ ಏನು ಜೋತು ಬಿದ್ದಿದೆ ಎಂದು ಹೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅದು ಯಾರ ತಲೆಗೂ ಹೊಳೆದಿರಲಿಲ್ಲ.

ಈ ನಡುವೆ ಒಂದು ಸಂಗತಿ ಆಯಿತು. ಒಬ್ಬ ಸೆಕ್ಷನ್ ಆಫೀಸರು ತಮ್ಮ ಹೆಂಡತಿಯ ತವರಿನ ಹೊಲಕ್ಕೆ ಸುಳ್ಳು ಕೆಂಪು ಹಚ್ಚಿಸಿ ಹೊಸ ಕಂಬ ಒಯ್ದಿದ್ದರು. ಸಿಕ್ಕಿಬಿದ್ದರು. ಸಾಹೇಬರು ಎಲ್ಲರ ಮುಂದೆ ಅವರನ್ನು ನಿಲ್ಲಿಸಿ ಜಾಡಿಸಿದರು. ಅವರನ್ನು ಬೇರೆ ಕಡೆ ಹಾಕಿದರು. ಮತ್ತೆ ಸಾಹೇಬರು ಒಂದು ನಿಯಮ ಮಾಡಿದರು. ತಮ್ಮ ಬಳಗದವರ ಜಾಗ ಇದ್ದರೆ ತಾವು ನೋಡಬಾರದು, ಇನ್ನೊಬ್ಬರಿಗೆ ಒಪ್ಪಿಸಬೇಕು. ನರಗುಂದದ ಕಡೆ ನನ್ನಂತೆಯೇ ಲೈನು ನೋಡುವವನೊಬ್ಬ ಇದ್ದ. ನನ್ನದಿದ್ದರೆ ಅವನು ನೋಡಬೇಕು, ಅವನದಿದ್ದರೆ ನಾನು.

ಮೀಟಿಂಗು ಮುಗಿದು ಹೊರಗೆ ಚಹಾ ಕುಡಿಯುವಾಗ ನಮ್ಮ ಸ್ಟೋರ್‌ಕೀಪರು ನನ್ನ ಹೆಗಲ ಮೇಲೆ ಕೈಯಿಟ್ಟರು. ಚಾಷ್ಟಿ ಮಾಡಿ ನಗಿಸುವ ಮನುಷ್ಯ. "ಏನಪಾ, ನಕಾಶಿ ನಿನ್ನ ಕೈಯಾಗೈತಿ. ಯಾವಗಲ್ಲಿಗೆ ಕಂಬ ಯಾವಾಗ ಹೊಂಡ್ತಾವ? ಅಕ್ಕನ ಕೈಯಾಗಿನ ಹೋಳಗಿ ಉಣ್ಣಾಕ ನಾವೂ ಬರ್ತೀವಿ," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಚುಚ್ಚಿತು.

ಯಾವಗಲ್ ನನ್ನ ಅಕ್ಕನನ್ನು ಕೊಟ್ಟ ಊರು. ಅವ್ವ ತೀರಿಕೊಂಡಾಗ ನಾನು ಸಣ್ಣವ. ಅಕ್ಕ ದಿನಾ ನನ್ನನ್ನು ಕನ್ನಡ ಸಾಲಿಯ ಬಾಗಿಲ ತನಕ ಬಿಟ್ಟು, ಅಲ್ಲಿಂದಲೇ ಹೊಲಕ್ಕೆ ಹೋಗುತ್ತಿದ್ದಳು. ತಾನು ಆ ಬಾಗಿಲು ದಾಟಿದವಳಲ್ಲ. ಅವಳ ಗಂಡ, ನಮ್ಮ ಮಾವ, ಒಳ್ಳೆಯ ರೈತ. ಟ್ರ್ಯಾಕ್ಟರಿಗೆ ಕಣಕಿ ಹೇರುವುದರಲ್ಲಿ ಸುತ್ತಲ ಊರಲ್ಲಿ ಅವರಂಥವರಿರಲಿಲ್ಲ. ಜೋಳದ ಒಣ ದಂಟಿನ ಆ ಸೂಡುಗಳನ್ನು ಒಂದರ ಮೇಲೊಂದು ಇಟ್ಟು ಮನೆಯಷ್ಟು ಎತ್ತರ ಕಟ್ಟಿದರೂ ಹೇರು ಒಂದು ಕಡೆ ವಾಲುತ್ತಿರಲಿಲ್ಲ. ಬೇರೆಯವರೂ ಅವರನ್ನೇ ಕರೆದೊಯ್ಯುತ್ತಿದ್ದರು. ನನಗೆ ನೌಕರಿ ಹತ್ತಿದ ದಿನದಿಂದ ಅವರು ನನ್ನನ್ನು ಸರ್ಕಾರ ಅಂತಲೇ ಕರೆಯುತ್ತಿದ್ದರು.

ದಸರೆಯ ಮುಂಚೆ ಯಾವಗಲ್ ಲೈನಿನ ಸರದಿ ಬಂತು. ನಿಯಮದ ಪ್ರಕಾರ ನರಗುಂದದವನಿಗೆ ಒಪ್ಪಿಸಬೇಕಿತ್ತು. ಒಪ್ಪಿಸಬೇಕೆಂದರೆ ಮೀಟಿಂಗಿನಲ್ಲಿ ಎದ್ದು, ಅಲ್ಲಿ ನಮ್ಮ ಅಕ್ಕನ ಹೊಲ ಐತ್ರಿ ಅನ್ನಬೇಕು. ಸ್ಟೋರ್‌ಕೀಪರು ಮೀಸೆಯೊಳಗೇ ನಗುತ್ತಾರೆ. ನರಗುಂದದವನು ಹೋಗಿ ನೋಡಿ ಕೆಂಪು ಹಚ್ಚಿದನೆಂದರೆ, ಇಬ್ಬರೂ ಕೂಡಿ ಮಾಡಿದರು ಅಂತ ಆಗುತ್ತದೆ. ಸುಮ್ಮನೆ ನಾನೇ ನೋಡಿ ಬಂದರಾಯಿತು ಅಂದುಕೊಂಡು ಹೋದೆ.

ಅಕ್ಕನ ಹೊಲದ ಹಾದಿಯ ಮೇಲೆ ಲೈನು ಅಡ್ಡ ಹಾಯುತ್ತದೆ. ಬೈಕು ನಿಲ್ಲಿಸುವ ಮೊದಲೇ ಕಂಡಿತು. ಹಾದಿಯ ಆಚೆ ಒಂದು ಕಂಬ, ಈಚೆ ಒಂದು ಕಂಬ, ಎರಡೂ ಮುಖಾಮುಖಿ ವಾಲಿದ್ದವು. ಆಚೆಯದರ ಬಿಗಿತಂತಿ ತುಕ್ಕು ಹಿಡಿದು ಕಡಿದಿತ್ತು. ನಡುವಿನ ತಂತಿ ಜೋತು ಬಿದ್ದಿತ್ತು. ಬುಡಕ್ಕೆ ಹೋಗಿ ಕೈಯಿಂದ ತಳ್ಳಿ ನೋಡಿದೆ. ಕಂಬ ಅಲುಗಿತು. ಬೇರೆ ಯಾವುದೇ ಊರಾಗಿದ್ದರೆ ಎರಡನೆಯ ಯೋಚನೆ ಇರಲಿಲ್ಲ.

ಮಾವ ಹೊಲದಲ್ಲಿ ಹರಗುತ್ತಿದ್ದವರು ಎತ್ತು ನಿಲ್ಲಿಸಿ, "ಏನ್ ಸರ್ಕಾರಾ, ನಮ್ಮ ತಂತಿ ಏನಂತೈತಿ?" ಎಂದು ಕೂಗಿದರು.

"ನೋಡಾಕತ್ತೇನ್ರಿ ಮಾವ. ಎಲ್ಲಾ ನಕಾಶಿಗೆ ಹೋಗ್ತೈತಿ. ಸರದಿ ಪ್ರಕಾರ ಆಗ್ತೈತಿ."

ಅಕ್ಕ ಬುತ್ತಿ ತಂದಿದ್ದಳು. "ತಮ್ಮಾ, ಬಿಸಿ ರೊಟ್ಟಿ ಐತಿ. ಒಂದು ತುತ್ತು ಉಂಡು ಹೋಗು. ಈ ತಂತಿ ಭಾಳ ತಳಗ ಬಂದಂಗ ಕಾಣ್ತೈತಿ ನೋಡೋ."

"ಡ್ಯೂಟಿ ಮ್ಯಾಲೆ ಅದೇನಿ ಅಕ್ಕಾ. ಅಕ್ಕನ ಮನಿಯಾಗ ಉಣ್ಣಕೋತ ಕುಂತಾನ ಅಂತಾರ ಮಂದಿ."

"ಯಾವ ಮಂದಿ? ಇಲ್ಲಿ ಎರಡು ಎತ್ತ ಬಿಟ್ರ ಯಾರದಾರ?" ಅಂದಳು.

ನಾನು ಬೈಕು ಹತ್ತಿದೆ. ಮಾವ ಇನ್ನೂ ನನ್ನನ್ನೇ ನೋಡುತ್ತಿದ್ದರು. ನಾನು ಅವರ ಕಡೆ ನೋಡಲಿಲ್ಲ.

ಖೋಲಿಗೆ ಬಂದಾಗ ಸ್ಟೋರ್‌ಕೀಪರು ಅಲ್ಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನನ್ನ ಕೈಯಲ್ಲಿ ಎರಡು ಪಿನ್ನು ಇದ್ದವು, ಒಂದು ಕೆಂಪು, ಒಂದು ಹಳದಿ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು ಅಷ್ಟೆ. ನಾನು ಹಳದಿ ಚುಚ್ಚಿದೆ. "ಅಕ್ಕನ ಊರಿಗೆ ಹಳದಿ ಏನಪಾ? ಶಾಭಾಷ್!" ಅಂದರು. ಆ ಶಾಭಾಷ್ ನನಗೆ ಹಿತವಾಯಿತು ಎಂಬುದನ್ನೂ ಬರೆದುಬಿಡುತ್ತೇನೆ. ಮುಂದಿನ ಸೋಮವಾರ ಅವರೇ ಅದನ್ನು ಮೀಟಿಂಗಿನಲ್ಲಿ ಹೇಳಿದರು. ಸಾಹೇಬರು, ನಿಯಮ ಯಾಕೆ ಬಿಟ್ಟೆ, ಬೇರೆಯವನಿಗೆ ಯಾಕೆ ಕೊಡಲಿಲ್ಲ ಅಂತ ಕೇಳಬೇಕಿತ್ತು. ಅವರೂ ಮೆಚ್ಚಿದಂತೆ ತಲೆಯಾಡಿಸಿದರು. ನ್ಯಾಯದ ಮನುಷ್ಯ ಅನ್ನಿಸಿಕೊಳ್ಳುವುದು ಇಷ್ಟು ಸಲೀಸು ಅಂತ ನನಗೆ ಅಲ್ಲಿತನಕ ಗೊತ್ತಿರಲಿಲ್ಲ.

ಬೇರೆ ಕೆಂಪು ಜಾಗಗಳೆಲ್ಲ ಒಂದೊಂದಾಗಿ ಹಸಿರಾದವು. ತಗ್ಗಿನಲ್ಲಿ ಕಲ್ಲು ಜಡಿದು ಕಾಂಕ್ರೀಟು ಹಾಕಿ ಕಂಬ ನಿಲ್ಲಿಸಿದೆವು. ಹಿಂಗಾರಿ ಮಳೆ ಬಂದು ಹೋಯಿತು. ಜೋಳ ಬಂತು. ಯಾವಗಲ್ಲಿನ ಹಳದಿ ಹಾಗೇ ಇತ್ತು. ಖೋಲಿಗೆ ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಇನ್ನೇನು ಸರದಿ ಬಂತು, ಅಂದುಕೊಳ್ಳುತ್ತಿದ್ದೆ.

ಸುಗ್ಗಿಯ ಒಂದು ಮಧ್ಯಾಹ್ನ ಖೋಲಿಯ ಫೋನು ನಾನೇ ಎತ್ತಿದೆ. ಸಬ್‌ಸ್ಟೇಷನ್ನಿನ ಆಪರೇಟರು. "ಯಾವಗಲ್ ಫೀಡರ್ ಟ್ರಿಪ್ ಆಗೇತ್ರಿ. ಹಕ್ಕಿಗಿಕ್ಕಿ ಕುಂತಿರಬೇಕು. ಒಮ್ಮೆ ಚಾರ್ಜ್ ಮಾಡಿ, ತಿರುಗಿ ಕರೆಂಟ್ ಬಿಟ್ಟು ನೋಡ್ಲೇನು?"

"ಬ್ಯಾಡ! ಮುಟ್ಟಬ್ಯಾಡ್ರಿ!" ಅಂದೆ. ನನ್ನ ದನಿಗೆ ಖೋಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾವ ಜಾಗ ಅಂತ ನನಗೆ ಯಾರೂ ಹೇಳಿರಲಿಲ್ಲ. ಬೈಕು ನೇರ ಅಲ್ಲಿಗೇ ಬಿಟ್ಟೆ.

ಟ್ರ್ಯಾಕ್ಟರು ತಂತಿಯ ಕೆಳಗೇ ನಿಂತಿತ್ತು. ಕಣಕಿಗೆ ಬೆಂಕಿ ಹತ್ತಿತ್ತು, ಮಂದಿ ಮಣ್ಣು ಎರಚುತ್ತಿದ್ದರು. ಹೇರಿನ ಮೇಲೆ ಕೂತಿದ್ದ ಮಾವನನ್ನು ಕೆಳಗೆ ಇಳಿಸಿ ಬದುವಿನ ಮೇಲೆ ಮಲಗಿಸಿದ್ದರು. ಉಸಿರು ಇತ್ತು. ಬಲಗೈ ನೋಡಿದೆ. ಇಷ್ಟು ವರ್ಷ ಲೈನಿನ ಕೆಲಸ ಮಾಡಿದ ನನಗೆ ಆ ಕೈ ಉಳಿಯುವುದಿಲ್ಲ ಎಂದು ಅಲ್ಲೇ ಗೊತ್ತಾಯಿತು.

ಗದಗದ ದವಾಖಾನೆಯಿಂದ ಹುಬ್ಬಳ್ಳಿಗೆ ಕಳಿಸಿದರು. ಮೊಣಕೈ ಮೇಲಿನ ತನಕ ತೆಗೆದರು. ಕಾಲಿನ ಎರಡು ಬೆರಳೂ ಹೋದವು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕ ನನ್ನ ಎರಡೂ ಕೈ ಹಿಡಿದಳು. "ತಿರುಗಿ ಕರೆಂಟ್ ಬಿಡಬ್ಯಾಡ ಅಂದಿಯಂತ. ಬಿಟ್ಟಿದ್ರ ಜೀವ ಹೋಗ್ತಿತ್ತಂತ. ನೀ ಇದ್ದಿ ಅಂತ ಉಳಿದ್ರು ತಮ್ಮಾ," ಅಂದಳು. ಅವಳ ಸೆರಗು ಹೊಗೆಯ ವಾಸನೆ ಹೊಡೆಯುತ್ತಿತ್ತು.

ಚೌಕಶಿ ಆಯಿತು. ಸಾಹೇಬರು ನಕಾಶೆಯ ಮುಂದೆ ನಿಂತು ಹಳದಿ ಪಿನ್ನನ್ನು ತೋರಿಸಿ, "ನೀನು ನೋಡಿದಾಗ ಹೇಗಿತ್ತು?" ಎಂದು ಕೇಳಿದರು. ಅವರ ದನಿಯಲ್ಲಿ ಸಂಶಯ ಇರಲಿಲ್ಲ, ದುಃಖ ಇತ್ತು.

"ಹಳೇದಾಗಿತ್ರಿ, ಆದ್ರ ನೆಟ್ಟಗಿತ್ತು. ಆಮ್ಯಾಲ ಹಿಂಗಾರಿ ಮಳಿ ಜೋರಾತಲ್ರಿ. ಎರಿ ಭೂಮಿ. ಬಾಗಿರಬೇಕು," ಅಂದೆ.

ಎಲ್ಲರೂ ಒಪ್ಪಿದರು. ಎರಿ ಭೂಮಿ ಹಾಗೆ ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಹೇಳಿದ ಸುಳ್ಳು ನಮ್ಮ ನೆಲದಲ್ಲಿ ದಿನಾ ನಡೆಯುವ ಖರೇ ಸಂಗತಿ. ಅದಕ್ಕೇ ಯಾರೂ ಅದನ್ನು ತಿರುವಿ ನೋಡಲಿಲ್ಲ. ಸಾಹೇಬರು ಅವತ್ತೇ ಹೊಸ ನಿಯಮ ಮಾಡಿದರು. ದೊಡ್ಡ ಮಳೆ ಆದಮೇಲೆ ಹಳದಿ ಜಾಗಗಳನ್ನೆಲ್ಲ ಮತ್ತೊಮ್ಮೆ ನೋಡಬೇಕು.

ಒಳ್ಳೆಯ ನಿಯಮ. ಮುಂದಿನ ಮಳೆಗಾಲದಲ್ಲಿ ಅದರಿಂದಲೇ ನರಗುಂದದ ಕಡೆ ವಾಲಿದ್ದ ಕಂಬಗಳು ಸಿಕ್ಕವು, ಏನಾದರೂ ಆಗುವ ಮೊದಲೇ ಸರಿ ಮಾಡಿದೆವು. ಬೇರೆ ಜಿಲ್ಲೆಯವರು ನಮ್ಮ ಖೋಲಿ ನೋಡಲು ಬಂದರು. ಸಾಹೇಬರು ಪಿನ್ನು ತೋರಿಸುತ್ತಿದ್ದರು, ಸಾಮಾನು ಒಂದೇ ಕಡೆ ಕೂಡಿಸಿ ಕಳಿಸುವ ರೀತಿ ಹೇಳುತ್ತಿದ್ದರು, ಮಳೆಯ ನಿಯಮ ಹೇಳುತ್ತಿದ್ದರು. ಕಡೆಗೆ ನನ್ನ ಕಡೆ ಕೈ ಮಾಡಿ, "ಇವನು ಸ್ವಂತ ಅಕ್ಕನ ಊರನ್ನೂ ಸರದಿ ಬಿಟ್ಟು ಮೊದಲು ಮಾಡಲಿಲ್ಲ. ಇಂಥೋರಿಂದ ಆಫೀಸು ನಿಲ್ಲುತ್ತೆ," ಅನ್ನುತ್ತಿದ್ದರು. ನಾನು ಚಹಾದ ಕಪ್ಪು ಎತ್ತಿಕೊಂಡು ಹೊರಗೆ ಹೋಗುತ್ತಿದ್ದೆ. ವಿನಯದ ಮನುಷ್ಯ ಅಂದುಕೊಂಡಿರಬೇಕು. ಆ ಸಾಹೇಬರಿಗೆ ವರ್ಗ ಆಗುವ ತನಕವೂ ನಾನು ಹೇಳಲಿಲ್ಲ.

ಅಕ್ಕನ ಹೊಲದ ಹಾದಿಗೆ ಹೊಸ ಕಂಬ ಬಂದವು. ಆ ತಗ್ಗುಗಳನ್ನು ನಾನೇ ನಿಂತು ತೋಡಿಸಿದೆ. ಮಾವ ಬೇಲಿಯ ಹತ್ತಿರ ಎಡಗೈಯಲ್ಲಿ ಕೊಡೆ ಹಿಡಿದು ನಿಂತು ನೋಡಿದರು. ಆ ಮೇಲೆ ಅವರು ಹೇರು ಕಟ್ಟಲಿಲ್ಲ. ಕೆಳಗೆ ನಿಂತು, "ಆ ಮೂಲಿಗೆ ಇನ್ನೊಂದು ಸೂಡು ಒತ್ತೋ," ಎಂದು ಮಂದಿಗೆ ಹೇಳುತ್ತಿದ್ದರು. ಹೇಳುವಾಗ ಅಂಗಿಯ ಖಾಲಿ ತೋಳು ಅಲುಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಅವರಿಗೆ ಆರಾಮ ಇಲ್ಲ ಅಂತ ನೋಡಲು ಹೋಗಿದ್ದೆ. ಅಕ್ಕ ನೀರಿಗೆ ಹೋಗಿದ್ದಳು. ನಾವಿಬ್ಬರೇ ಪಡಸಾಲೆಯಲ್ಲಿ ಕೂತಿದ್ದೆವು.

"ಸರ್ಕಾರಾ," ಅಂದರು. "ಒಂದು ಮಾತು ಕೇಳ್ಲಿ? ಸಿಟ್ಟಾಗಬ್ಯಾಡ."

"ಹೇಳ್ರಿ ಮಾವ."

"ಕೈ ಹೋದ ಸುಗ್ಗಿತನಕ ನಾ ತಂತಿಗೆ ಅಂಜಿ ಆ ಹಾದ್ಯಾಗ ಅರ್ಧ ಹೇರನ ತರ್ತಿದ್ದೆ. ಎರಡು ಖೇಪ ಆಗ್ತಿತ್ತು, ಮಂದಿ ನಗ್ತಿದ್ರು. ಆ ವರ್ಷ ನೀ ಬಂದು ನೋಡಿದಿ. ಬುಡ ತಳ್ಳಿ ನೋಡಿದಿ, ಮ್ಯಾಲ ನೋಡಿದಿ. ಏನೂ ಅನಲಿಲ್ಲ, ಹೋದಿ. ನಮ್ಮ ಹುಡುಗ ಇದ ಕೆಲಸದಾಗ ಅದಾನ, ಕಂಡಿದ್ರ ಅಕ್ಕನ ಗಂಡಗ ಹೇಳದ ಹೋಗ್ತಾನೇನು ಅನಕೊಂಡೆ. ಆ ಸುಗ್ಗಿಗೆ ಪೂರಾ ಹೇರು ಕಟ್ಟಿದೆ."

ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದು ಅವರೇ ಮುಂದುವರಿಸಿದರು.

"ಚೌಕಶಿಯವರು ನನ್ನೂ ಕೇಳಿದ್ರು. ಕಂಬ ಯಾವಾಗ ಬಾಗಿದ್ವು ಅಂತ. ಮಳಿ ಆದಮ್ಯಾಲ ಬಾಗ್ಯಾವ್ರಿ ಅಂದೆ. ನೀನೂ ಹಂಗ ಹೇಳಿದ್ಯಂತ, ಆಮ್ಯಾಲ ಗೊತ್ತಾತು."

"ಮಾವ, ನನಗ ಅವತ್ತ ಕಂಡಿತ್ರಿ. ಎಲ್ಲಾ ಕಂಡಿತ್ತು," ಅಂದೆ. ಇಷ್ಟು ವರ್ಷ ಬಾರದ ಮಾತು ಅಷ್ಟೇ ಬಂತು.

"ಗೊತ್ತೈತಿ. ನನ್ನ ಮಾರಿ ನೋಡಲಾರದ ಹೋದ್ಯಲ್ಲ." ಎಡಗೈಯಿಂದ ಚಾದರ ಎಳೆದುಕೊಂಡರು. "ಅಕ್ಕಗ ಹೇಳಬ್ಯಾಡ. ನನ್ನ ತಮ್ಮ ಅಂಥಾ ನ್ಯಾಯಸ್ಥ, ನಮ್ಮ ಊರಿಗೂ ಮೊದಲ ಕಂಬ ಹಾಕಲಿಲ್ಲ ಅಂತ ಓಣಿ ತುಂಬ ಹೇಳ್ಕೋತ ತಿರಗ್ತಾಳ. ಆಕಿಗೆ ಅದೊಂದು ಉಳೀಲಿ."

ಅಷ್ಟರಲ್ಲಿ ಅಕ್ಕ ಕೊಡ ಹೊತ್ತು ಬಂದಳು. "ಏನ್ ಗುಸುಗುಸು ನಡಸೀರಿ ಮಾವ ಅಳಿಯಾ?" ಅಂದಳು. "ನಿನ್ನ ತಮ್ಮ, ಇನ್ನೂ ರೊಟ್ಟಿ ಹಾಕಿಲ್ಲ ಅಂತ ಬೈಯಾಕತ್ತಾನ," ಅಂದರು ಮಾವ. ಅವತ್ತು ನಾನು ಉಂಡೆ. ಅಕ್ಕ ಎದುರಿಗೆ ಕೂತು ಮಾವನ ರೊಟ್ಟಿ ಮುರಿದು ಮುರಿದು ಅವರ ತಾಟಿಗೆ ಹಾಕುತ್ತಿದ್ದಳು.

ಆ ಮೇಲೆ ನಾನು ಖೋಲಿಯಲ್ಲಿ ಒಂದು ಪದ್ಧತಿ ಹಚ್ಚಿದೆ. ಲೈನು ನೋಡಿದವನು ಪಿನ್ನು ಚುಚ್ಚುವ ಮೊದಲು, ಆ ಜಾಗದಲ್ಲಿರುವ ಮಂದಿಗೆ ಯಾವ ಬಣ್ಣ ಅಂತ ಬಾಯಿಬಿಟ್ಟು ಹೇಳಿ ಬರಬೇಕು. ಯಾಕೆ ಅಂತ ಹೊಸ ಸಾಹೇಬರು ಕೇಳಿದರು. ಚಲೋ ಅಲ್ಲೇನ್ರಿ, ಅಂದೆ. ಹೇಳಬೇಕಾದದ್ದು ಅಲ್ಲೂ ಹೇಳಲಿಲ್ಲ.

ಮಾವ ಈಗ ಇಲ್ಲ. ಅವರ ದಿನಕರ್ಮಕ್ಕೆ ಕೂಡಿದ ಮಂದಿಯ ಮುಂದೆಯೂ ಅಕ್ಕ ಅದೇ ಮಾತು ಹೇಳಿದಳು, ನನ್ನ ತಮ್ಮ ಕರೆಂಟು ತಡೆಯದಿದ್ದರೆ ಇವರು ಅವತ್ತೇ ಹೋಗುತ್ತಿದ್ದರು ಅಂತ. ಬೀಗರೆಲ್ಲ ನನ್ನ ಕಡೆ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ. ಅದನ್ನೂ ವಿನಯ ಅಂತಲೇ ತಿಳಿದಿರಬೇಕು.

ಹೇಳಬೇಡ ಅಂದವರು ಹೋದರು. ಅದಕ್ಕೇ ಕೂತು ಇಷ್ಟು ಬರೆದೆ. ಬರೆಯುವುದು ನನಗೆ ರೂಢಿ ಇಲ್ಲ, ಬಹಳ ದಿನ ಹಿಡಿಯಿತು. ಯಾರು ಓದಿದರೂ ಓದದಿದ್ದರೂ, ಓದಬೇಕಾದವಳು ಒಬ್ಬಳೇ. ಅವಳಿಗೆ ಅಕ್ಷರ ಬರುವುದಿಲ್ಲ. ಯಾವಗಲ್ಲಿಗೆ ಹೋಗಿ, ಅವಳ ಎದುರು ಕೂತು, ನಾನೇ ಓದಿ ಹೇಳಬೇಕು.